ಪೋರ್ಟ್ರೇಟ್‌ಗೆ ಟೆಲಿ ಪ್ರೈಮ್ ಬೇಕಾ? ಮೊದಲು ಜಾಗ ಅಳೆಯಿರಿ

ಟೆಲಿ ಪ್ರೈಮ್ ಅಂದರೆ ದೂರದ್ದನ್ನು ಹತ್ತಿರ ತೋರಿಸುವ, ಝೂಮ್ ಆಗದ ಲೆನ್ಸ್. ಎಂಎಂ ಸಂಖ್ಯೆ ದೊಡ್ಡದಾದಷ್ಟೂ ಹಿಂದೆ ನಿಂತು ತೆಗೆಯಬೇಕು. "ಪೋರ್ಟ್ರೇಟ್‌ಗೆ 85 ಎಂಎಂ ತಗೊಳ್ಳಲಾ, 135 ತಗೊಳ್ಳಲಾ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನೀವು ಎಷ್ಟು ಹಿಂದೆ ಹೋಗಬಹುದು? ಹೆಚ್ಚಿನವರು ಇದನ್ನು ಯೋಚಿಸಿಯೇ ಇರುವುದಿಲ್ಲ. ಯೂಟ್ಯೂಬ್‌ನಲ್ಲಿ ಹಿನ್ನೆಲೆ ಬೆಣ್ಣೆಯ ಹಾಗೆ ಕರಗಿದ್ದನ್ನು ನೋಡಿ ಮನಸ್ಸು ಮಾಡಿರುತ್ತಾರೆ.

ನಾನು ಉಡುಪಿ ಕಡೆ ಮದುವೆ ಫೋಟೋ ತೆಗೆಯುವವನು. ಮಳೆಗಾಲ ಮುಗಿದ ಮೇಲೆ ರಾತ್ರಿ ಯಕ್ಷಗಾನಕ್ಕೆ ಹೋಗಿ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ವೇಷಧಾರಿಗಳ ಫೋಟೋ ತೆಗೆಯುವುದು ಚಟ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಛತ್ರ, ಚೌಕಿ, ಮನೆಯಂಗಳದ ಲೆಕ್ಕ. ದೊಡ್ಡ ಸ್ಟುಡಿಯೋ ಇರುವವರ ಕಥೆ ಬೇರೆ.

ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾವನ್ನು ಲಂಬವಾಗಿ ಹಿಡಿದಿದ್ದೀರಿ ಅಂದುಕೊಳ್ಳಿ. ತಲೆಯಿಂದ ಎದೆಯವರೆಗೆ ಬೇಕಾದರೆ 85 ಎಂಎಂ ಲೆನ್ಸ್‌ಗೆ ಸುಮಾರು 5 ಅಡಿ ದೂರ ಸಾಕು. 105ಕ್ಕೆ 6 ಅಡಿ, 135ಕ್ಕೆ 8 ಅಡಿ. ಇಷ್ಟಕ್ಕೆ ಯಾವ ಲೆನ್ಸ್ ಆದರೂ ನಡೆಯುತ್ತದೆ. ತೊಂದರೆ ಶುರುವಾಗುವುದು ತಲೆಯಿಂದ ಕಾಲಿನವರೆಗೆ ತೆಗೆಯುವಾಗ. 85ಕ್ಕೆ 16 ಅಡಿ, 135ಕ್ಕೆ 25 ಅಡಿ ಬೇಕು. ನಿಮ್ಮ ಮನೆಯ ಹಾಲ್ 25 ಅಡಿ ಇದೆಯಾ? ಛತ್ರದಲ್ಲಿ ಜಾಗ ಇದ್ದರೂ ಆ 25 ಅಡಿಯ ಮಧ್ಯೆ ಯಾರಾದರೂ ಮಾವ ಬಂದು ನಿಂತೇ ನಿಲ್ಲುತ್ತಾರೆ. ಲೆನ್ಸ್ ನೋಡುವ ಮೊದಲು ನೀವು ಜಾಸ್ತಿ ಫೋಟೋ ತೆಗೆಯುವ ಜಾಗಕ್ಕೆ ಟೇಪ್ ಹಿಡಿದು ಹೋಗಿ ಅಳೆಯಿರಿ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ.

ನಿಕಾನ್, ಸೋನಿ, ಫ್ಯೂಜಿಯ ಎಪಿಎಸ್-ಸಿ (ಸೆನ್ಸರ್ ಚಿಕ್ಕದಿರುವ) ಕ್ಯಾಮೆರಾ ಇದ್ದರೆ ಲೆನ್ಸ್‌ನ ಎಂಎಂ ಅನ್ನು 1.5ರಿಂದ, ಕ್ಯಾನನ್ ಆದರೆ 1.6ರಿಂದ ಗುಣಿಸಿ. ಅಂದರೆ ಇವುಗಳಲ್ಲಿ 85 ಎಂಎಂ ಹೆಚ್ಚುಕಡಿಮೆ 130ರ ಹಾಗೆ ಕಾಣುತ್ತದೆ. ಪೂರ್ತಿ ಆಳು ಬೇಕಾದರೆ ಸುಮಾರು 24 ಅಡಿ ಹಿಂದೆ ಹೋಗಬೇಕು. 50 ಎಂಎಂ ಎಫ್ 1.8 ಆದರೆ 14 ಅಡಿ ಸಾಕು. (ಎಫ್ ಸಂಖ್ಯೆ ಅಂದರೆ ಲೆನ್ಸ್‌ನ ಕಿಂಡಿ, ಅಂದರೆ ಅಪರ್ಚರ್, ಎಷ್ಟು ತೆರೆದಿದೆ ಅನ್ನುವ ಲೆಕ್ಕ. ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು.) ಮೊದಲ ಪೋರ್ಟ್ರೇಟ್ ಲೆನ್ಸ್‌ಗೆ ಅದೇ ಸರಿ. ದುಡ್ಡೂ ಉಳಿಯುತ್ತದೆ.

ಟೆಲಿ ಲೆನ್ಸ್ ಮುಖವನ್ನು ಚಂದ ಮಾಡುತ್ತದೆ ಅನ್ನುವುದು ಅರ್ಧ ಸತ್ಯ. ಎರಡು ಅಡಿ ದೂರದಿಂದ ತೆಗೆದರೆ ಮೂಗು ಕ್ಯಾಮೆರಾಗೆ ತೀರಾ ಹತ್ತಿರ, ಕಿವಿ ಅದಕ್ಕಿಂತ ಹಿಂದೆ. ಅದಕ್ಕೇ ಮೂಗು ದಪ್ಪ ಕಾಣುತ್ತದೆ. ಐದಾರು ಅಡಿ ಹಿಂದೆ ಹೋದರೆ ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಚಂದ ಮಾಡಿದ್ದು ದೂರ. ಲೆನ್ಸ್ ಮಾಡಿದ್ದು ಆ ದೂರದಿಂದ ಫ್ರೇಮ್ ತುಂಬಿಸುವ ಕೆಲಸ ಮಾತ್ರ.

ಇನ್ನು ಚೌಕಿಯ ವಿಷಯ. ಚಾಪೆ ಹಾಸಿ, ಕನ್ನಡಿ ಹಿಡಿದು ಸಾಲಾಗಿ ಕೂತು ಬಣ್ಣ ಹಾಕಿಕೊಳ್ಳುತ್ತಿರುತ್ತಾರೆ. ನಡುವೆ ಪೆಟ್ಟಿಗೆ, ಕಿರೀಟ, ಗೆಜ್ಜೆ. ಅಲ್ಲಿ ನನಗೆ ಸಿಗುವುದು ಆರೇಳು ಅಡಿ. 85 ಎಂಎಂನಲ್ಲಿ ಎಫ್ 1.8 ಇಟ್ಟು ಆರೂವರೆ ಅಡಿಯಿಂದ ತೆಗೆದರೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು 6 ಸೆಂಟಿಮೀಟರ್ ಅಷ್ಟೇ. ಮೀಸೆ ಬರೆದುಕೊಳ್ಳುವ ಪುರುಷ ವೇಷಕ್ಕೆ ಇಷ್ಟು ಸಾಕು. ಕಣ್ಣು, ಕಡ್ಡಿ ಹಿಡಿದ ಬೆರಳು ಎರಡೂ ಹತ್ತಿರವೇ ಇರುತ್ತವೆ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಸಾಲದು. ಮುಖದ ಮೇಲೆ ಮುಳ್ಳು ಮುಳ್ಳಾಗಿ ಎದ್ದ ಬಿಳಿ ಚಿಟ್ಟಿ ಮೂಗಿನ ತುದಿಯಿಂದ ಕೆನ್ನೆಯ ಅಂಚಿನವರೆಗೂ ಇರುತ್ತದೆ. ಕಣ್ಣಿಗೆ ಫೋಕಸ್ ಮಾಡಿದರೆ ಕೆನ್ನೆಯಂಚಿನ ಚಿಟ್ಟಿ ಹಿಟ್ಟು ಮೆತ್ತಿದ ಹಾಗೆ ಕಾಣುತ್ತದೆ. ಅಲ್ಲಿ ಎಫ್ 4 ಇಡುತ್ತೇನೆ. ಆಗ 13 ಸೆಂಟಿಮೀಟರ್ ಸಿಗುತ್ತದೆ.

ಬೆಳಕಿನದ್ದೂ ಒಂದು ಕಿರಿಕಿರಿ ಇದೆ. ನಮ್ಮ ಕರೆಂಟು 50 ಹರ್ಟ್ಸ್. ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/100 ಸೆಕೆಂಡಿಗಿಂತ ವೇಗವಾದರೆ ಫೋಟೋದಲ್ಲಿ ಪಟ್ಟಿ ಪಟ್ಟಿ ಬರುವ ಸಾಧ್ಯತೆ ಇರುತ್ತದೆ. ಆದರೆ ಕೈ ನಡುಕ ಕಾಣದಿರಲು 135 ಎಂಎಂಗೆ 1/160 ಆದರೂ ಬೇಕು. 85ಕ್ಕೆ 1/100 ಸಾಕು. ಕ್ಯಾಮೆರಾದಲ್ಲೋ ಲೆನ್ಸ್‌ನಲ್ಲೋ ನಡುಕ ತಡೆಯುವ ಸ್ಟೆಬಿಲೈಸೇಶನ್ ಇಲ್ಲದಿದ್ದರೆ ಇಂಥ ಕಡೆ 85 ಬಿಟ್ಟು ಬೇರೆ ಯೋಚಿಸಬೇಡಿ.

ಹಾಗಾದರೆ 135 ಯಾಕೆ? ಹಿನ್ನೆಲೆ ಕೊಳಕಾಗಿದ್ದಾಗ. ಮುಖ ಅಷ್ಟೇ ದೊಡ್ಡದಿದ್ದರೂ 135ರಲ್ಲಿ ಹಿಂದಿನ ಜಾಗ ಕಡಿಮೆ ಕಾಣುತ್ತದೆ. ಕರೆಂಟ್ ಕಂಬ, ಶಾಮಿಯಾನದ ಕೆಂಪು ಅಂಚು, ಐಸ್‌ಕ್ರೀಮ್ ಸ್ಟಾಲ್ ಎಲ್ಲವನ್ನೂ ಎರಡು ಹೆಜ್ಜೆ ಸರಿದು ಹೊರಗೆ ಹಾಕಬಹುದು. ದೇವಸ್ಥಾನದ ಅಂಗಳ, ಮಲ್ಪೆ ಬೀಚ್, ಗದ್ದೆ ಬದು, ಇಂಥ ಕಡೆ ಅದು ರಾಜ. ಮಸುಕಿನ ಲೆಕ್ಕ ಬೇಕಾದರೆ ಎಂಎಂ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿ. 50/1.8 ಅಂದರೆ 28. 85/1.8 ಅಂದರೆ 47. 135/2.8 ಅಂದರೆ 48. 135/2 ಅಂದರೆ 67.5. ಮುಖದ ಗಾತ್ರ ಒಂದೇ ಇದ್ದು ಹಿನ್ನೆಲೆ ಬಹಳ ದೂರ ಇದ್ದರೆ, ಈ ಸಂಖ್ಯೆ ದೊಡ್ಡದಾದಷ್ಟೂ ಮಸುಕು ಜಾಸ್ತಿ. 85/1.8 ಮತ್ತು 135/2.8 ಹೆಚ್ಚುಕಡಿಮೆ ಸಮ, ನೋಡಿ.

ಎಫ್ 1.4ರ ಹುಚ್ಚು ಬೇಡ. ಸ್ಟೀವ್ ಮೆಕರಿ 1984ರಲ್ಲಿ ತೆಗೆದ, ಮರುವರ್ಷ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದಲ್ಲಿ ಬಂದ ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಫೋಟೋ ನೆನಪಿದೆ ಅಲ್ವಾ? ಅದು ನಿಕಾನ್ 105 ಎಂಎಂ ಎಫ್ 2.5 ಲೆನ್ಸ್‌ನದ್ದು. ತೂಕವನ್ನೂ ನೋಡಿ. ಸೋನಿಯ 85 ಎಫ್ 1.8 ಬರೀ 371 ಗ್ರಾಂ. ಸಿಗ್ಮಾದ 135 ಎಫ್ 1.8 ಆರ್ಟ್ ಒಂದು ಕೆಜಿಗೂ ಮೇಲೆ. ಬೆಳಗಿನ ನಾಂದಿಯಿಂದ ರಾತ್ರಿಯ ರಿಸೆಪ್ಶನ್‌ವರೆಗೆ ಅದನ್ನು ಹೊತ್ತ ಕೈ ಮರುದಿನ ಮಾತಾಡುತ್ತದೆ.

ಸೆಕೆಂಡ್ ಹ್ಯಾಂಡ್ ಧೈರ್ಯವಾಗಿ ತಗೊಳ್ಳಿ, ಆದರೆ ನೋಡಿ ತಗೊಳ್ಳಿ. ಕರಾವಳಿಯ ತೇವಕ್ಕೆ ಲೆನ್ಸ್ ಒಳಗೆ ಫಂಗಸ್ ಬರುವುದು ಮಾಮೂಲು. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಮೊಬೈಲ್ ಟಾರ್ಚ್ ಬಿಟ್ಟರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಸ್ವಲ್ಪ ಧೂಳಿದ್ದರೆ ಚಿಂತೆ ಇಲ್ಲ. ನಿಕಾನ್‌ನವರು ಇನ್ನೊಂದು ನೋಡಬೇಕು. ಹಳೆಯ 85 ಎಂಎಂ 1.8ಡಿ ಲೆನ್ಸ್‌ನೊಳಗೆ ಫೋಕಸ್ ಮೋಟಾರ್ ಇಲ್ಲ. ನಿಕಾನ್ ಡಿ3500, ಡಿ5600ರಂಥ ಕ್ಯಾಮೆರಾಗಳಲ್ಲಿ ಅದು ಆಟೋಫೋಕಸ್ ಆಗುವುದಿಲ್ಲ. ಹಳೆಯ ಲೆನ್ಸ್ ಕೂರಿಸುವ ಎಫ್‌ಟಿಜೆಡ್ ಅಡಾಪ್ಟರ್ ಹಾಕಿ ನಿಕಾನ್‌ನ ಹೊಸ ಝಡ್ ಕ್ಯಾಮೆರಾಗೆ ಸೇರಿಸಿದರೂ ಇಲ್ಲ. 1.8ಜಿ ತಗೊಂಡರೆ ಈ ತಲೆನೋವು ಇಲ್ಲ. ಕ್ಯಾನನ್‌ನ 1992ರ ಇಎಫ್ 85 ಎಫ್ 1.8 ಇವತ್ತಿನ ಆರ್ ಕ್ಯಾಮೆರಾಗಳಲ್ಲೂ ಅಡಾಪ್ಟರ್ ಹಾಕಿದರೆ ಚೆನ್ನಾಗಿಯೇ ಫೋಕಸ್ ಆಗುತ್ತದೆ. ಆದರೆ ಪೂರ್ತಿ ತೆರೆದಾಗ ಬಿಸಿಲಿನಲ್ಲಿ ಬಿಳಿ ಪಂಚೆಯ ಅಂಚಿಗೆ ನೇರಳೆ ಗೆರೆ ಬರುತ್ತದೆ. ಎಫ್ 2.8ಕ್ಕೆ ಇಳಿಸಿದರೆ ಬಹಳಷ್ಟು ಹೋಗುತ್ತದೆ.

ಮಕ್ಕಳ ಕಣ್ಣು, ಮದುಮಗಳ ಜುಮುಕಿ ಹತ್ತಿರದಿಂದ ಬೇಕೆನ್ನುವವರು ಕನಿಷ್ಠ ಫೋಕಸ್ ದೂರ ನೋಡಿ. ಸಾಮಾನ್ಯ 85ಗಳದ್ದು ಸುಮಾರು 80 ಸೆಂಟಿಮೀಟರ್. ಕ್ಯಾನನ್ ಆರ್‌ಎಫ್ 85 ಎಫ್ 2 ಮ್ಯಾಕ್ರೋದ್ದು 35.

ಅಂಗಡಿಗೆ ಹೋಗುವಾಗ ನಿಮ್ಮದೇ ಕ್ಯಾಮೆರಾ, ಜೊತೆಗೊಬ್ಬ ಸ್ನೇಹಿತ ಇರಲಿ. ಅವರನ್ನು ಅಂಗಡಿ ಬಾಗಿಲಲ್ಲಿ ಓರೆಯಾಗಿ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು, ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ ಒಂದಷ್ಟು ತೆಗೆಯಿರಿ. ಸ್ಕ್ರೀನ್‌ನಲ್ಲಿ ಪೂರ್ತಿ ಹಿಗ್ಗಿಸಿ ರೆಪ್ಪೆಗೂದಲು ನೋಡಿ. ಪ್ರತಿ ಸಲವೂ ರೆಪ್ಪೆ ಬಿಟ್ಟು ಕಿವಿಯೇ ಸ್ಪಷ್ಟವಾಗಿದ್ದರೆ ಇನ್ನೊಂದು ಪೀಸ್ ಕೇಳಿ.