ಕಾಯಿಲ್‌ಓವರ್ ಕಿಟ್ ಇಲ್ಲದೇ ಸರಿಹೋದ ನನ್ನ 1966ರ ಮಸ್ಟಾಂಗ್

ಮಿಷಿಗನ್‌ನಲ್ಲಿ ನಾನು ಓಡಿಸುವುದು 1966ರ ಫೋರ್ಡ್ ಮಸ್ಟಾಂಗ್, 289 ವಿ8 ಎಂಜಿನ್ನಿನದು. ಹೈವೇಯಲ್ಲಿ ಅದು ನೆಟ್ಟಗೆ ಹೋಗುತ್ತಲೇ ಇರಲಿಲ್ಲ. ಬ್ರೇಕ್ ಒತ್ತಿದರೆ ಬಲಕ್ಕೆ ಎಳೆಯುತ್ತಿತ್ತು. ದುಬಾರಿ ಕಾಯಿಲ್‌ಓವರ್ ಕಿಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದರಲ್ಲೇ ಇರುವ ಸಸ್ಪೆನ್ಷನ್) ತರಿಸೋಣ ಅಂತಿದ್ದೆ.

ಅದಕ್ಕೂ ಮುಂಚೆ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕೆಳಗೆ ಮಲಗಿ ನೋಡಿದೆ. ಮುಂದಿನ ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಸ್ಟ್ರಟ್ ರಾಡ್‌ನ ಬುಷ್ ರಬ್ಬರ್ ಬೆರಳು ತಾಗಿದ್ದೇ ಒಣರೊಟ್ಟಿ ಥರ ಪುಡಿಯಾಯಿತು. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿಯುತ್ತಿದ್ದದ್ದು ಇದರಿಂದಲೇ! ಆ ಬುಷ್, ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ಕಂಟ್ರೋಲ್ ಆರ್ಮ್, ಬಾಲ್ ಜಾಯಿಂಟ್ ಎಲ್ಲ ಬದಲಿಸಿದೆ. ಕೆಳ ಆರ್ಮಿನ ಬೋಲ್ಟನ್ನು ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಬಿಗಿ ಮಾಡಿ. ಇಲ್ಲದಿದ್ದರೆ ಹೊಸ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಆಮೇಲೆ ಶೆಲ್ಬಿ ಡ್ರಾಪ್ ಮಾಡಿದೆ. 1965ರ ಶೆಲ್ಬಿ ಮಸ್ಟಾಂಗ್ ಜಿಟಿ350ಯಲ್ಲಿ ಇದ್ದದ್ದೂ ಇದೇ: ಹೊಸ ತೂತು ಕೊರೆದು ಮೇಲಿನ ಆರ್ಮನ್ನು 1 ಇಂಚು ಕೆಳಗೆ ಕೂರಿಸುವುದು. ತಿರುವಿನಲ್ಲಿ ಹೊರಗಿನ ಚಕ್ರ ಆಚೆ ವಾಲುವುದು ಕಡಿಮೆಯಾಗುತ್ತದೆ. ಖರ್ಚು ತುಂಬಾ ಕಡಿಮೆ. ಸ್ಪ್ರಿಂಗ್ ತೆಗೆಯಲು ಮಾತ್ರ ಅದನ್ನು ಅದುಮಿ ಹಿಡಿಯುವ ಸರಿಯಾದ ಕಂಪ್ರೆಸರ್ ಬೇಕೇ ಬೇಕು, ಸ್ಪ್ರಿಂಗ್ ಸಿಡಿದರೆ ಕೈ ಉಳಿಯಲ್ಲ.

ಕೊನೆಗೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಹೊಂದಿಸುವುದು. ಹಳೇ ಮ್ಯಾನುಯಲ್‌ನ ಅಂಕಿಗಳು ಆ ಕಾಲದ ಬಯಾಸ್ ಟೈರಿಗೆ (ಒಳಗಿನ ದಾರದ ಪದರ ಓರೆಯಾಗಿರುವ ಹಳೇ ಥರದ್ದು). ನನ್ನದು ಈಗಿನ ರೇಡಿಯಲ್ ಟೈರ್ ಅಲ್ವಾ, ಹಾಗಾಗಿ ಕ್ಯಾಸ್ಟರ್ (ಚಕ್ರ ತಿರುಗಿಸುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) 3 ಡಿಗ್ರಿ ಇಡಿಸಿದೆ. ಈಗ ತಿರುವು ಮುಗಿಯುತ್ತಿದ್ದ ಹಾಗೆ ಸ್ಟೇರಿಂಗ್ ತಾನಾಗಿಯೇ ನೆಟ್ಟಗೆ ಬರುತ್ತದೆ.