ಮುಖಪುಟದ ಮಾತಿಗೆ ಕೈಪಿಡಿಯ ಸಾಕ್ಷಿ: ಓಪನ್ ಸೋರ್ಸ್ ತಾಣ ಕಟ್ಟಿದ ಅನುಭವ

ನುಡಿ ಫಾಂಟಿನಲ್ಲಿ ಟೈಪಾದ ಹಳೆಯ ಫೈಲುಗಳನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ತರುವ ಓಪನ್ ಸೋರ್ಸ್ ಪ್ರೋಗ್ರಾಂ ನಮ್ಮದು. ಅದರ ತಾಣಕ್ಕೆ ಬರುವವರು ಎರಡು ಬಗೆ. ಗದಗ-ಬೆಟಗೇರಿಯ ಪ್ರೆಸ್ಸುಗಳಲ್ಲಿ, ಧಾರವಾಡದ ಪ್ರಕಾಶಕರಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಣೆ) ಮಾಡುವವರು ಒಂದು ಕಡೆ. ಅವರು ಬಳಸುತ್ತ ಬಂದ ಪುಟವಿನ್ಯಾಸದ ಪ್ರೋಗ್ರಾಂ ಪೇಜ್‌ಮೇಕರ್ 2001ರ 7ನೇ ಆವೃತ್ತಿಗೇ ನಿಂತುಹೋಯಿತು, ಯೂನಿಕೋಡ್ ಅದಕ್ಕೆ ಕೊನೆವರೆಗೂ ಬರಲಿಲ್ಲ. ಇವರ ಹತ್ತಿರ ಅಂಥ ಫೈಲುಗಳ ರಾಶಿಯೇ ಇದೆ. ಇನ್ನೊಂದು ಕಡೆ ಹುಬ್ಬಳ್ಳಿಯ ಎಂಜಿನಿಯರಿಂಗ್ ಹುಡುಗರು, ಹುಡುಗಿಯರು. ಅವರಿಗೆ ಕೋಡ್ ಬೇಕು, ಅಕ್ಷರ ಹೊಂದಿಕೆಯ ಪಟ್ಟಿ ಬೇಕು. ಮೊದಲಿನವರಿಗೆ ಪ್ರಚಾರ, ಎರಡನೆಯವರಿಗೆ ತಾಂತ್ರಿಕ ವಿವರ ಅಂತ ತಾಣವನ್ನು ಇಬ್ಭಾಗ ಮಾಡಿದರೆ ಕೆಲಸ ಕೆಡುತ್ತದೆ. ಪ್ರೋಗ್ರಾಮಿನ ಮಿತಿಗಳು ಮೊದಲು ಗೊತ್ತಾಗಬೇಕಾದ್ದೇ ಪ್ರೆಸ್ಸಿನವರಿಗೆ. ಅರ್ಧ ಪುಸ್ತಕ ಬದಲಾದ ಮೇಲೆ ಗೊತ್ತಾಗಿ ಏನು ಪ್ರಯೋಜನ?

ಅದಕ್ಕೇ ನಾವು ಇಟ್ಟುಕೊಂಡ ನಿಯಮ ಒಂದೇ: ಮುಖಪುಟದ ಪ್ರತಿ ಹೇಳಿಕೆಗೂ ಕೈಪಿಡಿಯಲ್ಲಿ ಒಂದು ಪುಟ, ಕೋಡಿನಲ್ಲಿ ಅದು ನಿಜವೇ ಅಂತ ತಾನೇ ಪರೀಕ್ಷಿಸುವ ಒಂದು ಟೆಸ್ಟ್.

ಒಂದು ಉದಾಹರಣೆ ನೋಡಿ. 'ಇಂಗ್ಲಿಷ್ ಬೆರೆತ ಕನ್ನಡ ಫೈಲನ್ನೂ ಬದಲಿಸುತ್ತದೆ' ಅಂತ ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ನುಡಿಯ ಹಳೆಯ ಫೈಲಿನೊಳಗೆ 'ಕನ್ನಡ' ಅನ್ನುವ ಪದ ಪಿ, ತಲೆಗೀಟಿನ ಎ, ಪೌಂಡ್ ಗುರುತು ಹೀಗೆ ಏಳು ಚಿಹ್ನೆಗಳಾಗಿ ಕೂತಿರುತ್ತದೆ. ಅದು ಕನ್ನಡವೋ ಇಂಗ್ಲಿಷೋ ಅಂತ ಹೇಳುವುದು ಫಾಂಟಿನ ಹೆಸರು ಮಾತ್ರ. ವರ್ಡ್ ಫೈಲಿನಲ್ಲಿ ಪ್ರತಿ ತುಣುಕಿನ ಜೊತೆಗೂ ಫಾಂಟಿನ ಹೆಸರು ಇರುತ್ತದೆ, ಹಾಗಾಗಿ ಬೇರ್ಪಡಿಸಬಹುದು. ಬರೀ ಟೆಕ್ಸ್ಟ್ ಫೈಲಿನಲ್ಲಿ ಅದು ಇಲ್ಲ. ಅಲ್ಲಿ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಆದ್ದರಿಂದ ಮುಖಪುಟದ ಸಾಲು ಹೀಗಿದೆ: 'ವರ್ಡ್ ಫೈಲಿನಲ್ಲಿ ಇಂಗ್ಲಿಷ್ ಹಾಗೇ ಉಳಿಯುತ್ತದೆ, ಟೆಕ್ಸ್ಟ್ ಫೈಲಿನಲ್ಲಿ ಉಳಿಯುವುದಿಲ್ಲ, ಯಾಕೆ?' ಆ 'ಯಾಕೆ' ಮೇಲೆ ಒತ್ತಿದರೆ ಕೈಪಿಡಿಯ ಮಿತಿಗಳ ಪುಟ. ಡಿಟಿಪಿ ಮಾಡುವವರಿಗೆ ಹತ್ತು ಹೊಗಳಿಕೆಗಿಂತ ಈ ಒಂದು ಸಾಲಿನ ಮೇಲೆ ನಂಬಿಕೆ ಹೆಚ್ಚು. 'ಸರಳ', 'ಶಕ್ತಿಶಾಲಿ', 'ಕ್ರಾಂತಿಕಾರಿ' ಮುಖಪುಟದಲ್ಲೂ ನಿಷಿದ್ಧ, ಕೈಪಿಡಿಯಲ್ಲೂ ನಿಷಿದ್ಧ.

ನಿಯಮ ಬಾಯಿಮಾತಾಗಿ ಉಳಿಯಬಾರದು ಅಂತ ಅದನ್ನು ತಾಣದ ಪುಟಗಳನ್ನು ತಯಾರಿಸುವ ಬಿಲ್ಡಿನೊಳಗೇ ಕೂಡಿಸಿದ್ದೇವೆ. ತಾಣ ಇರುವುದು ಹ್ಯೂಗೋ ಎಂಬ ತಾಣ ಕಟ್ಟುವ ಪ್ರೋಗ್ರಾಮಿನಲ್ಲಿ. ಮುಖಪುಟದ ಹೇಳಿಕೆಗಳನ್ನೆಲ್ಲ ಡೇಟಾ ಫೋಲ್ಡರಿನ ಒಂದು ಯಾಮಲ್ ಫೈಲಿನಲ್ಲಿ (ಮಾಹಿತಿಯನ್ನು ಪಟ್ಟಿಯಾಗಿ ಬರೆಯುವ ಸರಳ ಟೆಕ್ಸ್ಟ್ ಫೈಲು) ಇಡಿ. ಪ್ರತಿಯೊಂದಕ್ಕೂ ಮೂರು ಕಲಂ: ವಾಕ್ಯ, ಕೈಪಿಡಿ ಪುಟ, ಟೆಸ್ಟಿನ ಹೆಸರು. ಯಾವುದಾದರೂ ಖಾಲಿ ಇದ್ದರೆ ಪುಟದ ಟೆಂಪ್ಲೇಟಿನಿಂದ ಹ್ಯೂಗೋದ ದೋಷ ಸಾರುವ ಆಜ್ಞೆ 'ಎರರ್‌ಎಫ್' ಕರೆಯಿರಿ, ಬಿಲ್ಡ್ ವಿಫಲವಾಗುತ್ತದೆ. ಲಿಂಕನ್ನು ಕೈಯಿಂದ ಬರೆಯದೆ ಹ್ಯೂಗೋದ 'ರೆಫ್' ಆಜ್ಞೆಯ ಮೂಲಕ ಕೊಡಿ. ಯಾರಾದರೂ ಆ ಪುಟ ಅಳಿಸಿದರೆ ಆಗಲೂ ಬಿಲ್ಡ್ ಬೀಳುತ್ತದೆ. ಮುಖಪುಟದಲ್ಲಿ ತೋರಿಸುವ 'ಮೊದಲು-ನಂತರ' ಮಾದರಿಯೂ ಟೆಸ್ಟಿನ ಫೈಲೇ, ಬೇರೆ ಪ್ರತಿ ಇಲ್ಲ. ಅದರಲ್ಲಿ ಬೇಕೆಂದೇ ಕಷ್ಟದ ಪದಗಳಿವೆ. 'ಕಾರ್ಯ'ದ ಅರ್ಕಾವತ್ತು ಹಳೆಯ ಫೈಲಿನಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮುಂದಕ್ಕೆ ಸರಿಯಬೇಕು. 'ರ‍್ಯಾಲಿ'ಗೆ ರ ಆದ ಮೇಲೆ ಕಣ್ಣಿಗೆ ಕಾಣದ ಜೋಡಕ, ಯು+200ಡಿ, ಸೇರಬೇಕು. ಸೇರದಿದ್ದರೆ ರ ಹೋಗಿ ಅರ್ಕಾವತ್ತು ಆಗುತ್ತದೆ.

ಕೈಪಿಡಿಯ ವಿಂಗಡಣೆಗೆ ಡೇನಿಯೆಲೆ ಪ್ರೊಚಿದಾ ಅವರ ಡಯಾಟಾಕ್ಸಿಸ್ ಎಂಬ ಪದ್ಧತಿ ಸಾಕು, ಅದರಲ್ಲಿ ನಾಲ್ಕು ಭಾಗ: ಕಲಿಕೆಯ ಪಾಠ, ಮಾಡುವ ಬಗೆ, ವಿವರಪಟ್ಟಿ, ಹಿನ್ನೆಲೆಯ ವಿವರಣೆ. ಮುಖಪುಟದ ದೊಡ್ಡ ಗುಂಡಿ ಹೋಗುವುದು ಪಾಠಕ್ಕೆ. ವಿವರಪಟ್ಟಿಗೆ ಬರೀ ಮೆನು ಸಾಕು, ಅದು ಬೇಕಾದವರು ಹುಡುಕಿಕೊಂಡು ಹೋಗುತ್ತಾರೆ.

ಹುಡುಕಾಟ ಅಂದೆ, ಹೆಚ್ಚಿನ ಕನ್ನಡ ತಾಣಗಳು ಮುಗ್ಗರಿಸುವುದು ಅಲ್ಲೇ. ತಾಣದೊಳಗೆ ಹುಡುಕಲು ಬಳಸುವ ಲನರ್ ಎಂಬ ಕೋಡ್ ಲೈಬ್ರರಿಯನ್ನು ಹಾಗೇ ಹಾಕಿದರೆ ಕನ್ನಡದ ಒಂದು ಪದವೂ ಸಿಗುವುದಿಲ್ಲ: ಅದರ 'ಟ್ರಿಮ್ಮರ್' ಲ್ಯಾಟಿನ್ ಅಲ್ಲದ ಅಕ್ಷರಗಳನ್ನೆಲ್ಲ ಕಸವೆಂದು ಕತ್ತರಿಸಿ ಹಾಕುತ್ತದೆ. ಅದನ್ನು ಪೈಪ್‌ಲೈನಿನಿಂದ ತೆಗೆಯಿರಿ. ಆಮೇಲಿನ ತೊಡಕು ವಿಭಕ್ತಿಯದು. 'ಫಾಂಟ್' ಅಂತ ಹುಡುಕಿದರೆ 'ಫಾಂಟಿನಲ್ಲಿ' ಸಿಗುವುದಿಲ್ಲ, ಮೊದಲನೆಯದರ ಕೊನೆಗೆ ಹಲಂತದ ಗುರುತು (್) ಇದೆ, ಎರಡನೆಯದರಲ್ಲಿ ಅದೇ ಜಾಗದಲ್ಲಿ ಗುಡಿಸು. 'ಫೈಲು', 'ಫೈಲನ್ನು' ಕಥೆಯೂ ಅದೇ. ಹುಡುಕುವ ಪದದ ಕೊನೆಯ ಹಲಂತವನ್ನೋ ಕೊಂಬನ್ನೋ ಕಿತ್ತು, ಅಲ್ಲಿ 'ಮುಂದೆ ಏನಿದ್ದರೂ ಸರಿ' ಅನ್ನುವ ನಕ್ಷತ್ರ ಗುರುತು ಸೇರಿಸಿ ಕಳಿಸಿ. ನಾಲ್ಕು ಸಾಲಿನ ಕೋಡ್, ಆದರೆ ಕೈಪಿಡಿ ಬಳಕೆಗೆ ಬರುವುದೇ ಅದರಿಂದ.

ಪುಟಗಳ ವಿಳಾಸ ಮಾತ್ರ ರೋಮನ್ ಅಕ್ಷರದಲ್ಲಿರಲಿ. 'ಅಳವಡಿಕೆ' ಅನ್ನುವ ಒಂದು ಪದ ವಿಳಾಸದಲ್ಲಿ ಕೋಡ್ ಆದಾಗ 63 ಅಕ್ಷರ ಆಗುತ್ತದೆ. ವಾಟ್ಸ್‌ಆಪಿನಲ್ಲಿ ಅಂಥ ಲಿಂಕ್ ನೋಡಿದವರು ವೈರಸ್ ಅಂದುಕೊಳ್ಳುತ್ತಾರೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ. ಸಾಲಿನ ಎತ್ತರ ಅಕ್ಷರದ 1.7 ಪಟ್ಟು ಇಡಿ, ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ.

ಡೌನ್‌ಲೋಡ್ ಗುಂಡಿಯ ಮೇಲೆ ಆವೃತ್ತಿ, ಫೈಲಿನ ಗಾತ್ರ, ಯಾವ ವಿಂಡೋಸಿಗೆ ಅನ್ನುವುದು ಇರಲಿ. ಆವೃತ್ತಿಯ ಸಂಖ್ಯೆ ಬಿಡುಗಡೆಯ ಟ್ಯಾಗಿನಿಂದ ತಾನೇ ಬರಬೇಕು. ಕೈಯಿಂದ ಬರೆದದ್ದು ಎರಡನೇ ಬಿಡುಗಡೆಗೇ ಹಳಸುತ್ತದೆ. ಗುಂಡಿಯ ಕೆಳಗೆ ಲೈಸೆನ್ಸಿನ (ನಮ್ಮದು ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್) ಬಗ್ಗೆ ಒಂದು ಸಾಲು: 'ಜಿಪಿಎಲ್ ಅನ್ವಯಿಸುವುದು ಈ ಪ್ರೋಗ್ರಾಮಿಗೆ, ಇದರಲ್ಲಿ ಬದಲಿಸಿದ ಪುಸ್ತಕದ ಹಕ್ಕು ನಿಮ್ಮದೇ.' ಪ್ರಕಾಶಕರು ಮೊದಲು ಕೇಳುವ ಪ್ರಶ್ನೆ ಅದು, ಅದನ್ನು ಕೈಪಿಡಿಯ ಒಳಗೆ ಹೂತಿಡಬೇಡಿ.

ಬಿಡುಗಡೆಯ ಟಿಪ್ಪಣಿ ಎರಡು ಕಡೆ, ಎರಡು ಧಾಟಿಯಲ್ಲಿ. ಮುಖಪುಟದಲ್ಲಿ 'ರ‍್ಯಾಲಿ, ರ‍್ಯಾಂಕ್ ಇನ್ನು ಸರಿಯಾಗಿ ಬರುತ್ತವೆ' ಅಂತ ಒಂದು ಸಾಲು. ಚೇಂಜ್‌ಲಾಗಿನಲ್ಲಿ ಅಕ್ಷರ ಹೊಂದಿಕೆಯ ಯಾವ ಪಟ್ಟಿಯ ಯಾವ ಸಾಲು ಬದಲಾಯಿತು ಅನ್ನುವುದು. ತೊಂದರೆ ಸರಿಹೋದ ದಿನವೇ ಮಿತಿಗಳ ಪುಟದಿಂದಲೂ ಆ ಸಾಲನ್ನು ತೆಗೆಯಬೇಕು. ಅದನ್ನು ಪುಲ್ ರಿಕ್ವೆಸ್ಟಿನ (ಕೋಡಿನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ನಮೂನೆಯಲ್ಲೇ ಒಂದು ಚೆಕ್‌ಬಾಕ್ಸ್ ಮಾಡಿಟ್ಟಿದ್ದೇವೆ, ಗುರುತು ಹಾಕದೆ ವಿಲೀನ ಮಾಡುವುದಿಲ್ಲ.