ನಾಯಿ ನುಂಗಿದ್ದು ಕರುಳಲ್ಲಿ ಸಿಕ್ಕಿಕೊಂಡಿದೆಯೇ? ಹೀಗೆ ಗುರುತಿಸಿ

ಮಾವಿನ ಕಾಲ ಬಂತೆಂದರೆ ನನಗೆ ಭಯ. ನಮ್ಮ ನಾಯಿ ರಾಜ ಹಿತ್ತಲಲ್ಲಿ ಬಿದ್ದಿದ್ದ ಮಾವಿನ ವಾಟೆಯನ್ನು ಇಡಿಯಾಗಿ ನುಂಗಿಬಿಟ್ಟಿದ್ದ. ಮರುದಿನ ಎರಡು ಸಲ ವಾಂತಿ, ಜೊತೆಗೆ ಒಂಚೂರು ನೀರುಬೇದಿ. "ಬೇದಿ ಆಗ್ತಿದೆಯಲ್ಲ, ತಾನಾಗೇ ಸರಿಹೋಗುತ್ತೆ ಬಿಡು" ಎಂದು ಅಮ್ಮ ಮಜ್ಜಿಗೆ ಅನ್ನ ಕಲಸಿಟ್ಟರು. ನಾನೂ ಹೌದೆಂದುಕೊಂಡೆ. ಮೂರನೇ ದಿನ ಆಪರೇಷನ್ ಮಾಡಿ ವಾಟೆ ತೆಗೆಯಬೇಕಾಯಿತು. ರಾಜ ಬದುಕಿದ. ಆದರೆ ಆ ಎರಡು ದಿನ ಅವನು ಪಟ್ಟ ನೋವು ಇನ್ನೂ ಕಣ್ಣ ಮುಂದಿದೆ.

ನಮ್ಮನ್ನು ದಾರಿ ತಪ್ಪಿಸಿದ್ದು ಆ ಬೇದಿ. ಕರುಳು ಪೂರ್ತಿ ಕಟ್ಟದಿದ್ದರೆ ನೀರಿನಂಥದ್ದು ಪಕ್ಕದಿಂದ ಜಾರಿ ಬರುತ್ತದೆ. ಪೂರ್ತಿ ಕಟ್ಟಿದ್ದರೂ ಅದರ ಕೆಳಗೆ ಮೊದಲೇ ಇದ್ದದ್ದು ಹೊರಗೆ ಬರುತ್ತದೆ. ಹಾಗಾಗಿ ಬೇದಿ ಆಗುತ್ತಿದೆ ಅಂದರೆ ದಾರಿ ಬಿಟ್ಟಿದೆ ಎಂದು ದಯವಿಟ್ಟು ತಿಳಿಯಬೇಡಿ.

ಮೊದಲು ವಾಂತಿ ಗಮನಿಸಿ. ಹುಲ್ಲು ತಿಂದು ಒಮ್ಮೆ ಕಕ್ಕಿ, ಆಮೇಲೆ ಬಾಲ ಅಲ್ಲಾಡಿಸುತ್ತಾ ಊಟಕ್ಕೆ ಬರುವ ನಾಯಿಯ ಕಥೆ ಬೇರೆ. ಪದೇ ಪದೇ ವಾಂತಿ, ಅನ್ನ ಮುಟ್ಟುವುದಿಲ್ಲ, ಕುಡಿದ ನೀರೂ ನಿಲ್ಲುವುದಿಲ್ಲ ಅಂದರೆ ಬೆಳಗಾಗಲಿ ಎಂದು ಕಾಯಬೇಡಿ. ಕರುಳಿನ ಮೇಲ್ಭಾಗದಲ್ಲಿ ಸಿಕ್ಕಿಕೊಂಡರೆ ವಾಂತಿ ಬೇಗ ಶುರುವಾಗುತ್ತದೆ. ಕೆಳಗಾದರೆ ನಿಧಾನ, ಆದರೆ ವಾಂತಿಗೆ ಮಲದಂಥ ನಾತ ಇರಬಹುದು.

ಆಮೇಲೆ ತುಟಿ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಬಣ್ಣ, ಮುಟ್ಟಿದರೆ ಒದ್ದೆ ಇರಬೇಕು. ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಒಸಡು ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿರಬಹುದು. ಬಿಳುಚಿದ್ದರೆ ತಕ್ಷಣ ಹೊರಡಿ. ಒಸಡೇ ಕಪ್ಪಗಿರುವ ನಾಯಿಯಾದರೆ ಕೆಳ ರೆಪ್ಪೆಯ ಒಳಗಿನ ಬಣ್ಣ ನೋಡಿ.

ನಿಲ್ಲುವ ಭಂಗಿಯೂ ಹೇಳುತ್ತದೆ. ರಾಜ ಮುಂಗಾಲು ಚಾಚಿ, ಎದೆ ನೆಲಕ್ಕೆ ಊರಿ, ಹಿಂಭಾಗ ಮೇಲೆತ್ತಿ ಅಲುಗಾಡದೆ ನಿಂತಿರುತ್ತಿದ್ದ. ಮೈ ಮುರಿಯುತ್ತಿದ್ದಾನೆ ಅಂದುಕೊಂಡಿದ್ದೆವು. ಅದು ಹೊಟ್ಟೆನೋವು. ಹೊಟ್ಟೆ ಮುಟ್ಟಿದರೆ ಬಿಗಿ ಹಿಡಿಯುತ್ತದಾ ನೋಡಿ, ಆದರೆ ಒತ್ತಬೇಡಿ.

ಈಗ ಮನೆ ಹುಡುಕಿ. ಕಾಲುಚೀಲ, ರಬ್ಬರ್ ಚೆಂಡು, ಮುಸುಕಿನ ಜೋಳದ ದಿಂಡು, ಮೂಳೆ ಯಾವುದಾದರೂ ಕಾಣೆಯಾಗಿದೆಯಾ? ಉಳಿದ ಚೂರು ಸಿಕ್ಕರೆ ಡಾಕ್ಟರಿಗೆ ತೋರಿಸಿ. ನುಂಗಿದ ವಸ್ತು ವಾರಗಟ್ಟಲೆ ಹೊಟ್ಟೆಯಲ್ಲೇ ಕೂತು, ಆಮೇಲೆ ಕರುಳಿಗೆ ಇಳಿಯುವುದೂ ಉಂಟು. ಹಳೆಯದನ್ನೂ ಹೇಳಿ. ಬಟನ್ ಬ್ಯಾಟರಿ, ಆಯಸ್ಕಾಂತ ನುಂಗಿದ್ದರೆ ಲಕ್ಷಣಕ್ಕೆ ಕಾಯುವ ಪ್ರಶ್ನೆಯೇ ಇಲ್ಲ.

ದಾರದ ವಿಷಯ ಬಿಡಿಸಿ ಹೇಳಲೇಬೇಕು. ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿರಬಹುದು, ಇಲ್ಲವೇ ಹಿಂದಿನಿಂದ ಇಣುಕಬಹುದು. ಎಳೆಯಬೇಡಿ. ಲಂಗದ ಲಾಡಿ ಎಳೆದಾಗ ಬಟ್ಟೆ ನೆರಿಗೆಗಟ್ಟುತ್ತದೆ ಅಲ್ವಾ, ಕರುಳೂ ಹಾಗೇ ಮುದುಡಿಕೊಳ್ಳುತ್ತದೆ, ದಾರ ಅದನ್ನು ಕೊಯ್ಯುತ್ತದೆ.

ಹರಳೆಣ್ಣೆ ಕುಡಿಸಬೇಡಿ. ಉಪ್ಪುನೀರು ಹಾಕಿ ವಾಂತಿ ಮಾಡಿಸಬೇಡಿ. ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು. ಆಸ್ಪತ್ರೆಗೆ ಹೋಗುವವರೆಗೆ ಊಟವೂ ಬೇಡ.

ಅಲ್ಲಿ ಎಕ್ಸ್-ರೇ ತೆಗೆಯುತ್ತಾರೆ. ಲೋಹ, ಕಲ್ಲು, ಮೂಳೆ ಚೆನ್ನಾಗಿ ಕಾಣುತ್ತವೆ. ಬಟ್ಟೆ, ಪ್ಲಾಸ್ಟಿಕ್, ವಾಟೆ ಸರಿಯಾಗಿ ಕಾಣದೇ ಇರಬಹುದು. ಆಗ ಗಾಳಿ ತುಂಬಿ ಉಬ್ಬಿದ ಕರುಳೇ ಸುಳಿವು. "ಎಕ್ಸ್-ರೇಯಲ್ಲಿ ಏನೂ ಇಲ್ಲ" ಎಂದಮೇಲೂ ವಾಂತಿ ನಿಲ್ಲದಿದ್ದರೆ ಹೊಟ್ಟೆಯ ಸ್ಕ್ಯಾನಿಂಗ್ ಬೇಕಾ ಎಂದು ಕೇಳಿ. ಮರಿಯಾದರೆ ಪಾರ್ವೊ ಎಂಬ ವೈರಸ್ ಕಾಯಿಲೆಯ ಪರೀಕ್ಷೆಯನ್ನೂ ಕೇಳಿ, ಅದರಲ್ಲೂ ಹೀಗೇ ವಾಂತಿ, ಬೇದಿ. ಹತ್ತಿರದಲ್ಲಿ ಸೌಕರ್ಯ ಇಲ್ಲದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ.

ವಸ್ತು ಇನ್ನೂ ಹೊಟ್ಟೆಯಲ್ಲೇ ಇದ್ದರೆ ಕೆಲವೊಮ್ಮೆ ಎಂಡೋಸ್ಕೋಪಿಯಲ್ಲೇ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ತೆಗೆಯಬಹುದು. ಕರುಳಿಗೆ ಇಳಿದು ಕಟ್ಟಿಕೊಂಡರೆ ಸಾಮಾನ್ಯವಾಗಿ ಆಪರೇಷನ್ನೇ. ಆಮೇಲಿನ ಮೊದಲ ಐದು ದಿನ ತುಂಬಾ ಹುಷಾರಾಗಿರಿ. ಕರುಳಿನ ಹೊಲಿಗೆ ಬಿಡುವುದಾದರೆ ಹೆಚ್ಚಾಗಿ ಆಗಲೇ. ಮತ್ತೆ ವಾಂತಿ, ಜ್ವರ, ಮಂಕು ಕಂಡರೆ ರಾತ್ರಿಯಾದರೂ ಡಾಕ್ಟರಿಗೆ ಫೋನ್ ಮಾಡಿ.